ಕಾಟಾದ ಮೇಲೆ ಅಣ್ಣ

ಮೊರಬದಲ್ಲಿ ನನ್ನದೊಂದು ಕಾಳಿನ ಅಂಗಡಿ ಇದೆ. ಹೆಸರುಕಾಳು, ಕಡಲೆಯ ಚೀಲ ತೂಗುವ ಅಲ್ಲಿಯ ಕಾಟಾದ ಮೇಲೆ ಒಂಬತ್ತು ದಿನ ನನ್ನ ಅಣ್ಣನನ್ನು ತೂಗಿದೆ. ಅದನ್ನು ಯಾರ ಮುಂದೂ ಪೂರ್ತಿ ಹೇಳಿಲ್ಲ.

ಅಣ್ಣನ ಲಿವರ್ ಕೆಟ್ಟಿತ್ತು. ಯಾವಾಗಲೋ ಬಂದ ಕಾಮಾಲೆ ಒಳಗೇ ಉಳಿದು ಕೆಡಿಸಿದೆ ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. ಹೊಟ್ಟೆಯಲ್ಲಿ ನೀರು ತುಂಬಿ ಅಂಗಿಯ ಗುಂಡಿ ಹತ್ತುತ್ತಿರಲಿಲ್ಲ. ಜನ್ಮದಲ್ಲಿ ಹನಿ ಸೆರೆ ಮುಟ್ಟದವನು, ಆದರೆ ಆ ಹೊಟ್ಟೆ ಕಂಡವರೆಲ್ಲ ಕುಡುಕನೆಂದೇ ತಿಳಿಯುತ್ತಿದ್ದರು.

ನೀರಿಳಿಯಲು ದಿನಕ್ಕೊಂದು ಗುಳಿಗೆ ಬರೆದುಕೊಟ್ಟ ಡಾಕ್ಟರು, "ದಿನಾ ತೂಕ ನೋಡ್ರಿ. ಅರ್ಧ ಕಿಲೋಕ್ಕಿಂತ ಹೆಚ್ಚು ಇಳಿಬಾರ್ದು. ಇಳಿದ್ರ, ಇಲ್ಲಾ ಮೂತ್ರ ಕಡಿಮಿ ಆದ್ರ, ಗುಳಿಗಿ ಬಿಟ್ಟು ಬಂದುಬಿಡ್ರಿ" ಎಂದು ನನಗೇ ಹೇಳಿದರು. ತೂಕದ ಮಾತು ನನಗೆ ಕಲಿಸುತ್ತಾರಲ್ಲ ಎಂದು ಒಳಗೊಳಗೇ ನಕ್ಕೆ. ಕತ್ತೆ ನಾನು.

ಗುಳಿಗೆ ಶುರುವಾದ ಒಂಬತ್ತನೆಯ ದಿನ, ಭಾನುವಾರ, ಅಣ್ಣನ ಮಗಳನ್ನು ನೋಡಲು ಕುಬಿಹಾಳದಿಂದ ಗಂಡಿನ ಕಡೆಯವರು ಬರುವವರಿದ್ದರು. ಆ ಹೊಟ್ಟೆ ನೋಡಿ ಎದ್ದು ಹೋದರೆ? ಅತ್ತಿಗೆ ಹೊಲಕ್ಕೆ ಹೋಗುತ್ತಿದ್ದರಿಂದ ಗುಳಿಗೆ ಕೊಡುವವನು ನಾನೇ. ನಾಲ್ಕನೆಯ ದಿನದಿಂದ ಯಾರನ್ನೂ ಕೇಳದೆ ಬೆಳಿಗ್ಗೆ ಎರಡು, ಸಂಜೆ ಒಂದು ಕೊಡತೊಡಗಿದೆ.

ಒಂದು ದಿನ ಒಂದೂವರೆ ಕಿಲೋ ಇಳಿಯಿತು, ಮರುದಿನ ಎರಡು. ಹಸಿ ಹೆಸರು ಬಿಸಿಲಿಗೆ ಒಣಗಿದರೆ ತೂಕ ಇಳಿಯುತ್ತದೆ, ಮಾಲು ಸುಧಾರಿಸುತ್ತದೆ. ಇಪ್ಪತ್ತು ವರ್ಷದಿಂದ ನನಗೆ ಗೊತ್ತಿದ್ದದ್ದು ಅಷ್ಟೇ. ಅಣ್ಣನನ್ನೂ ಹಾಗೇ ಒಣಗಿಸುತ್ತಿದ್ದೆ.

"ತಲಿ ತಿರಗತೈತಿ ತಮ್ಮಾ. ಉಚ್ಚಿನೂ ಸರಿಯಾಗಿ ಬರವಲ್ದು," ಎಂದ ಶುಕ್ರವಾರ.

"ನೀರು ಖಾಲಿ ಆಗಾಕತ್ತೈತಿ ಅಣ್ಣಾ, ಇನ್ನೆಲ್ಲಿಂದ ಬರಬೇಕು? ಎರಡು ದಿನ ತಡಿ," ಎಂದು ನಕ್ಕುಬಿಟ್ಟೆ.

ಭಾನುವಾರ ಅಣ್ಣ ಇಸ್ತ್ರಿ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು ಗೋಡೆಗೆ ಒರಗಿ ಕುಳಿತ. ಬಂದವರು ಹುಡುಗಿಯನ್ನು ಒಪ್ಪಿದರು. ಅವರು ಬಸ್ಸು ಹತ್ತಿದ ಮೇಲೆ ಅಣ್ಣ ಕುಳಿತಲ್ಲೇ ವಾಲಿದ.

ಹುಬ್ಬಳ್ಳಿಗೆ ಒಯ್ದೆವು. ರಕ್ತದ ರಿಪೋರ್ಟ್ ನೋಡಿದ ಡಾಕ್ಟರ ಮುಖ ಕೆಂಪಾಯಿತು. "ಲಿವರ್ ಇಷ್ಟು ಕೆಟ್ಟವ್ರ ಕಿಡ್ನಿ ಸಣ್ಣ ಹೊಡೆತಾನೂ ತಡ್ಯಂಗಿಲ್ರಿ. ಮೈಯಾಗಿನ ನೀರು ಒಮ್ಮೆಲೇ ಹೋಗಿ ಕಿಡ್ನಿ ಕೆಲಸ ನಿಲ್ಲಿಸ್ಯಾವ. ದಿನಾ ಎಷ್ಟು ಗುಳಿಗಿ ಕೊಟ್ರಿ?"

ಬಾಜೂಕ್ಕೆ ಅತ್ತಿಗೆ ನಿಂತಿದ್ದರು. ನಾನು ಅವರತ್ತ ನೋಡಿದೆ.

ಮಂಚದ ಮೇಲಿಂದ ಅಣ್ಣನೇ ಮಾತಾಡಿದ. "ನಾನೇ ನುಂಗೇನ್ರಿ ಸಾಹೇಬ್ರ. ಲಗೂನ ಆರಾಮ ಆಗ್ಲಿ ಅಂತ ಇವರ ಕಣ್ಣು ತಪ್ಪಿಸಿ ಹೆಚ್ಚು ನುಂಗಿದೆ."

ಆಗ ಒಂದು ಮಾತು, ಒಂದೇ ಮಾತು ಆಡಬಹುದಿತ್ತು. ಆಡಲಿಲ್ಲ.

ಸಲೈನು, ಇಂಜೆಕ್ಷನ್ನು ಎಲ್ಲ ಆಯಿತು. ಕಿಡ್ನಿ ಸುಧಾರಿಸಲಿಲ್ಲ. ಹತ್ತು ದಿನದಲ್ಲಿ ಅಣ್ಣ ತೀರಿಕೊಂಡ.

ಮುಂದೆ ಆ ಮದುವೆಯೂ ಆಯಿತು, ಅಣ್ಣನ ಜಾಗದಲ್ಲಿ ನಿಂತು ನಾನೇ ಮಾಡಿದೆ. ಮನೆಗೆ ಯಾರೇ ಬರಲಿ, ಅತ್ತಿಗೆ ಅದೇ ಮಾತು ತೆಗೆಯುತ್ತಾರೆ: "ತಮ್ಮ ದಿನಾ ತೂಕ ಮಾಡಿ ಅಗದಿ ಮಗನ್ಹಂಗ ನೋಡ್ಕೊಂಡ. ನಮ್ಮ ಮನಿಯವ್ರೇ ಮಾತು ಕೇಳ್ಲಿಲ್ಲ. ಹಟಮಾರಿ ಮನಷ್ಯಾ, ತನ್ನ ಜೀವ ತಾನೇ ಕಳಕೊಂಡ."

ಹಾಗೆ ನನ್ನೆದುರಿಗೇ ಅಣ್ಣನನ್ನು ಬೈಯುತ್ತಾರೆ. ಅವರು ಕೊಟ್ಟ ಚಹಾ ಕುಡಿದು ನಾನು ಎದ್ದು ಬರುತ್ತೇನೆ.