ಕೈ ಒಡ್ಡದ ಕೂಸು

ನಾನು ಬಸುರಿಯಾದ ಮೊದಲ ತಿಂಗಳುಗಳಲ್ಲಿ ದೇವದುರ್ಗದ ನಮ್ಮ ಮನೆಯ ಒಗ್ಗರಣೆಯೇ ನನಗೆ ಶತ್ರುವಾಗಿತ್ತು. ಬೆಳ್ಳುಳ್ಳಿ ಸಿಡಿದರೆ ಸಾಕು, ಹಿತ್ತಲಿಗೆ ಓಡುತ್ತಿದ್ದೆ. ರೊಟ್ಟಿ ನಿಲ್ಲಲಿಲ್ಲ, ಅನ್ನ ನಿಲ್ಲಲಿಲ್ಲ, ಕೊನೆಗೆ ನೀರೂ ನಿಲ್ಲದಾಯಿತು. ಮಾನ್ವಿಯಿಂದ ನೋಡಲು ಬಂದ ನನ್ನವ್ವ, ನನ್ನ ಬಳೆಗಳು ಮೊಣಕೈವರೆಗೆ ಜಾರುವುದನ್ನು ಕಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ಅತ್ತೆ ಅಳುವವರಲ್ಲ, ಏನಾದರೊಂದು ಮಾಡುವವರು.

ಅವರು ನದಿ ದಂಡೆಯ ಮಠಕ್ಕೆ ಹೋಗಿ ಭಂಗಿ ಉಂಡಿ ತಂದರು. ಗಂಡನ ಮನೆತನ ಹಿಂದಿನಿಂದಲೂ ನಡೆದುಕೊಳ್ಳುವ ಮಠ ಅದು. ಭಂಗಿಸೊಪ್ಪನ್ನು ತುಪ್ಪದಲ್ಲಿ ಹುರಿದು, ಬೆಲ್ಲ, ಗಸಗಸೆ ಕೂಡಿಸಿ ಅಲ್ಲಿ ಪ್ರಸಾದದ ಉಂಡಿ ಕಟ್ಟುತ್ತಾರೆ. ಭಂಗಿಯೆಂದರೆ ಗಾಂಜಾ ಗಿಡದ ಎಲೆ ಎಂದು ಎಲ್ಲರಿಗೂ ಗೊತ್ತು. ಆದರೆ ಮಠದ ಹೊಸ್ತಿಲು ದಾಟಿದ ಮೇಲೆ ಅದನ್ನು ಯಾರೂ ಗಾಂಜಾ ಎನ್ನುವುದಿಲ್ಲ.

"ಒಂದೀಟು ಬಾಯಾಗ ಹಾಕ್ಕೋ ಯವ್ವಾ. ವಾಂತಿ ನಿಲ್ತದ, ಹಸಿವಿ ಆಗ್ತದ," ಎಂದರು ಅತ್ತೆ.

"ಅತ್ತಿ, ನಾ ಬಸರಿ ಅದೀನ್ರೀ. ಅಮಲಿಂದು ಕೊಡ್ತೀರಲ್ರೀ?"

"ಪ್ರಸಾದಕ್ಕ ಅಮಲು ಅಂತೀಯೇನು? ನಿನ ಗಂಡ ಹೊಟ್ಟ್ಯಾಗಿದ್ದಾಗ ನಾನೂ ತಿಂದೀನಿ. ಏನಾಗ್ಯಾದ ಅವಂಗ?"

ಕೈಯಲ್ಲೇ ಗಾಡಿಯ ಕೀಲಿ ಹಿಡಿದುಕೊಂಡು ಕೀಲಿ ಎಲ್ಲಿ ಎಂದು ಮನೆಯೆಲ್ಲ ಹುಡುಕುವ ಗಂಡಸು ನನ್ನ ಗಂಡ. ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಬೇರೆ. ಆದರೆ ಜಗಳಕ್ಕೂ ಮೈಯಲ್ಲಿ ಕಸುವು ಬೇಕಲ್ಲ! "ಡಾಕ್ಟರಿಗೆ ಕೇಳಲಾರದ ತಿನ್ನಂಗಿಲ್ರೀ," ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅತ್ತೆ ಉಂಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಹಂಗಾರ ಕೇಳೇ ಬಿಡಮು ನಡಿ," ಎಂದರು.

ಮರುದಿನ ರಾಯಚೂರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ವಾಂತಿಗೆಂದು ಕ್ಯಾರಿಬ್ಯಾಗು, ಅತ್ತೆಯ ಸೆರಗಿನಲ್ಲಿ ಉಂಡಿ. ಡಾಕ್ಟರಮ್ಮನ ಮೇಜಿನ ಮೇಲೆ ಅತ್ತೆ ಆ ಗಂಟು ಬಿಚ್ಚಿದಾಗ ನಾನು ನಾಚಿಕೆಯಿಂದ ಕುಗ್ಗಿಹೋದೆ. ಈಗ ಬೈಗುಳ ಬೀಳುತ್ತದೆ ಎಂದುಕೊಂಡೆ. ಡಾಕ್ಟರಮ್ಮ ಬೈಯಲಿಲ್ಲ.

"ಯವ್ವಾ, ಇದನ್ನ ತುಪ್ಪದಾಗ ಯಾಕ ಹುರೀತೀರಿ? ನೀರಾಗ ಕುದಿಸಿದ್ರ ಆಗಂಗಿಲ್ಲೇನು?" ಎಂದು ಕೇಳಿದರು.

"ನೀರಿಗೆ ಅದರ ಸತ್ವ ಬಿಡಂಗಿಲ್ರೀ. ತುಪ್ಪಕ್ಕ ಬಿಡ್ತದ," ಎಂದರು ಅತ್ತೆ.

"ಅಷ್ಟೇ ನೋಡ್ರಿ. ಅದಕ್ಕೇ ಅದು ಕೂಸಿಗೂ ಹೋಗ್ತದ."

ಆಮೇಲೆ ಅವರು ಬಿಡಿಸಿ ಹೇಳಿದರು. ತಾಯಿಯ ರಕ್ತವೂ ಕೂಸಿನ ರಕ್ತವೂ ಬೆರೆಯುವುದಿಲ್ಲ. ನಡುವೆ ಮಾಸು ಇರುತ್ತದೆ, ಹೆರಿಗೆಯಾದ ಮೇಲೆ ಬೀಳುವ ಅದೇ ಮಾಸು. ಕೂಸಿಗೆ ಬೇಕಾದ ಅನ್ನ, ಗಾಳಿ ಎಲ್ಲವೂ ಅದನ್ನು ದಾಟಿಯೇ ಹೋಗಬೇಕು. ಕೆಟ್ಟದ್ದನ್ನೆಲ್ಲ ಅದು ತಡೆಯುತ್ತದೆ ಎಂದು ನಾವು ನಂಬಿರುತ್ತೇವೆ. ಭಂಗಿಯ ಅಮಲು ಮಾತ್ರ ಜಿಡ್ಡಿನಲ್ಲಿ ಕರಗುವಂಥದ್ದು, ಮಾಸಿನ ತೆಳು ಪೊರೆಯಲ್ಲೂ ಜಿಡ್ಡಿದೆ, ಹಾಗಾಗಿ ಅದು ಸಲೀಸಾಗಿ ದಾಟಿಬಿಡುತ್ತದೆ. ತಿಂದದ್ದು ಅಂದಿಗೇ ಮುಗಿಯುವುದೂ ಇಲ್ಲ. ತಾಯಿಯ ಕೊಬ್ಬಿನಲ್ಲಿ ಕೂತು ದಿನಗಟ್ಟಲೆ ರಕ್ತಕ್ಕೆ ಇಳಿಯುತ್ತಿರುತ್ತದೆ, ಹೆತ್ತ ಮೇಲೆ ಎದೆಹಾಲಿಗೂ ಇಳಿಯುತ್ತದೆ. ಕೂಸು ತೂಕವಿಲ್ಲದೆ ಹುಟ್ಟಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು, ಮಿದುಳು ಬೆಳೆಯುವುದಕ್ಕೂ ತೊಂದರೆಯಾಗಬಹುದು.

ಅತ್ತೆ ಉಂಡಿಯನ್ನು ಮೇಜಿನಿಂದ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು.

"ಇಕಿ ಗಂಡನಕ್ಕಿಂತ ಮೊದಲು ನನಗೊಂದು ಹೆಣ್ಣು ಹುಟ್ಟಿತ್ರೀ. ಭಾಳ ಸಣ್ಣದಿತ್ತು, ಉಳೀಲಿಲ್ಲ. ಆವಾಗ್ಲೂ ತಿಂದಿದ್ದೆ. ಇದರಿಂದೇನ್ರೀ?"

"ಅದನ್ನ ಈಗ ಯಾರೂ ಹೇಳಾಕ ಆಗಂಗಿಲ್ಲ ಯವ್ವಾ. ನಿಮಗ ಆವಾಗ ಹೇಳೋರರ ಯಾರಿದ್ರು? ಮನಸಿಗೆ ಹಚ್ಕೋಬ್ಯಾಡ್ರಿ," ಎಂದು ಡಾಕ್ಟರಮ್ಮ ಅವರ ಕೈ ಹಿಡಿದುಕೊಂಡರು.

ಆ ಕೂಸಿನ ಸುದ್ದಿಯನ್ನು ನಾನು ಅಂದೇ ಮೊದಲು ಕೇಳಿದ್ದು. ನನಗೆ ಸಲಾಯಿನ್ ಹಚ್ಚಿದರು, ವಾಂತಿಗೆ ಗುಳಿಗೆ ಬರೆದುಕೊಟ್ಟರು. ಸಲಾಯಿನ್ ಇಳಿಯುವತನಕ ಅತ್ತೆ ನನ್ನ ಅಂಗಾಲು ತಿಕ್ಕುತ್ತ ಕೂತರು.

ಉಂಡಿ ಮಾತ್ರ ಉಳಿದಿತ್ತು. ಪ್ರಸಾದವನ್ನು ಎಸೆಯುವಂತಿಲ್ಲ. ಮಠಕ್ಕೆ ಮರಳಿಸಿದವರು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಅತ್ತೆ ಮಾರನೆಯ ಬೆಳಿಗ್ಗೆ ಒಬ್ಬರೇ ಅದನ್ನು ಕಟ್ಟಿಕೊಂಡು ಹೊರಟರು. ನಾನು ಹೆದರಿದೆ. ಮಠದ ಸ್ವಾಮಿಗಳಾದ ಅಜ್ಜ "ಏನಾಗಂಗಿಲ್ಲ, ತಿನ್ನಲಿ" ಎಂದುಬಿಟ್ಟರೆ? ಅಜ್ಜನ ಮಾತನ್ನು ಅತ್ತೆ ಜನ್ಮದಲ್ಲಿ ಮೀರಿದವರಲ್ಲ. ನಾನೂ ತಿನ್ನುವವಳಲ್ಲ. ಅಂದು ಹೊಟ್ಟೆಯ ಮೇಲಿಟ್ಟ ಕೈಯನ್ನು ನಾನು ತೆಗೆದಿದ್ದು ಕಡಿಮೆ.

ಸಂಜೆ ಅತ್ತೆ ಬಂದಾಗ ಸೆರಗಿನಲ್ಲಿ ಗಂಟಿರಲಿಲ್ಲ. ಮೊದಲು ಕಾಲು ತೊಳೆದು, ನೀರು ಕುಡಿದು, ಆಮೇಲೆ ಬಾಯಿ ಬಿಟ್ಟರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವರು ಅಜ್ಜನಿಗೆ ಒಪ್ಪಿಸಿದ್ದರಂತೆ, ತುಪ್ಪದ ಮಾತು ಸಹಿತ. ಅಜ್ಜ ಉಂಡಿಯನ್ನು ತಿರುಗಿ ತೆಗೆದುಕೊಂಡು ಹೇಳಿದರಂತೆ: "ಪ್ರಸಾದ ಕೈ ಒಡ್ಡಿದವರಿಗೆ ಕೊಡೋದವ್ವಾ. ಹೊಟ್ಟ್ಯಾಗಿನ ಕೂಸು ಕೈ ಒಡ್ಡೇದೇನು?"

ನಾನು ಗೊಳೋ ಎಂದು ಅತ್ತುಬಿಟ್ಟೆ. ಆ ಸಂಜೆ ಒಂದು ಬಟ್ಟಲು ಗಂಜಿ ಕುಡಿದೆ, ಹೊಟ್ಟೆಯಲ್ಲಿ ನಿಂತಿತು. ಗುಳಿಗೆಯಿಂದಲೋ ನೆಮ್ಮದಿಯಿಂದಲೋ, ಯಾರು ಬಲ್ಲರು?

ಮಗಳು ದಿನ ತುಂಬಿ ಹುಟ್ಟಿದಳು, ಅತ್ತೆಯ ತೋಳು ನೋಯುವಷ್ಟು ಭಾರವಾಗಿ. ಡಾಕ್ಟರಮ್ಮನಿಗೂ ಅಜ್ಜನಿಗೂ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅವರಿಗಿಂತ ಮೊದಲು ಅತ್ತೆಗೆ. ತನ್ನ ನಂಬಿಕೆಯನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ ಪ್ರಶ್ನೆ ಕೇಳಿ ಬರುವುದು ಸಣ್ಣ ಮಾತಲ್ಲ. ಅದೂ ಎದೆಯಲ್ಲಿ ಅಂಥದೊಂದು ನೋವು ಇಟ್ಟುಕೊಂಡು.

ಹೋದ ಶಿವರಾತ್ರಿಗೆ ಮೂವರೂ ಮಠಕ್ಕೆ ಹೋಗಿದ್ದೆವು. ಈಗ ಅಜ್ಜ ಹೆಣ್ಣುಮಕ್ಕಳನ್ನು "ಹೊಟ್ಟೀಲೆ ಅದೀಯೇನವ್ವಾ?" ಎಂದು ಕೇಳಿಯೇ ಉಂಡಿ ಕೊಡುತ್ತಾರೆ. ಹೌದೆಂದವರಿಗೆ, ಎದೆಹಾಲು ಕುಡಿಸುವವರಿಗೆ, ಮಕ್ಕಳಿಗೆ ಕಲ್ಲುಸಕ್ಕರೆ. ನನ್ನ ಮಗಳು ಎರಡೂ ಅಂಗೈ ಕೂಡಿಸಿ ಮುಂದೆ ಒಡ್ಡಿದಳು. ಅಜ್ಜ ಹರಳು ಹಾಕಿದರು, ಅವಳು ಅಲ್ಲೇ ಕಟಕಟ ಕಡಿದಳು.

ಆಮೇಲೆ ಅತ್ತೆ ಕೈ ಒಡ್ಡಿದರು. "ನನಗ ಕಲ್ಲುಸಕ್ಕರಿನೇ ಕೊಡ್ರಿ ಯಪ್ಪಾ. ನನ ಮೊದಲನೇ ಮಗಳಿಗೆ," ಎಂದರು.