ರೋಗಿ ಮಲಗಿದರೆ ತಟ್ಟುತ್ತಿದ್ದ ಜೀಪು

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಬಾಯಿ ತೆಗೆದರೆ ಸಾಕು, ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅರವತ್ತರ ದಶಕದ ಕೊನೆಯಲ್ಲಿ ತ್ಯಾಮಗೊಂಡ್ಲು ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾನು ಹೆರಿಗೆ ಮಾಡಿಸೋ ನರ್ಸು. ನೋವು ತಿನ್ನುತ್ತಿದ್ದ ಹೆಂಗಸಿಗೆ ಬೇವಿನ ಸೊಪ್ಪಲ್ಲಿ ಬಡಿಯೋಕೆ ಬಂದವನನ್ನ ಜಗಲಿಯಿಂದ ಕೆಳಕ್ಕೆ ಇಳಿಸಿದೋಳು. ಹಳ್ಳಿಗಳಲ್ಲಿ "ನರ್ಸಮ್ಮ ಬಂದ್ಲು, ಬಾಯಿ ಮುಚ್ಕೊಳ್ರೋ" ಅನ್ನೋರು. ಅಂಥ ನಾನು ಒಂದು ಜೀಪಿಗೆ ಹೆದರಿದೆ. ಒಂದೆರಡು ದಿನ ಅಲ್ಲ, ಹತ್ತಿರ ಹತ್ತಿರ ಆರು ತಿಂಗಳು.

ಕೇಂದ್ರಕ್ಕಿದ್ದದ್ದು ಅದೊಂದೇ ಗಾಡಿ. ಮಳೆಗಾಲದ ಕೆಸರಲ್ಲೂ ಹಳ್ಳಿ ಮುಟ್ಟಲಿ ಅಂತ ನಾಲ್ಕೂ ಚಕ್ರ ಎಳೆಯೋ ಜೀಪು ಕೊಟ್ಟಿದ್ದರು. ಓಡಿಸುತ್ತಿದ್ದವನು ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನಾನು ಅವನನ್ನ ಅಣ್ಣ ಅಂತಿದ್ದೆ, ಒಡಹುಟ್ಟಿದವನನ್ನ ಕರೆದ ಹಾಗೆ ಏಕವಚನದಲ್ಲೇ. ಹೆಂಡತಿ ತೀರಿಕೊಂಡಿದ್ದಳು, ಇದ್ದೊಬ್ಬ ಮಗಳನ್ನ ಸಾಕಿ ಸಲಹಿ ಮದುವೆ ಮಾಡಿ ಕೊಟ್ಟಿದ್ದ. ಮಾತು ಕಮ್ಮಿ, ಕೈ ಮೆತ್ತಗೆ. ಹಿಂದುಗಡೆ ಹಲಗೆ ಮೇಲೆ ರೋಗಿ ಮಲಗಿದ್ದರೆ ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು "ಮೆಲ್ಲಗೆ ಕಣಣ್ಣಾ, ಮೆಲ್ಲಗೆ" ಅಂತ ದಾರಿಯುದ್ದಕ್ಕೂ ಕೂಗುತ್ತಿದ್ದೆ. ಅವನು "ಹೂಂ ನರ್ಸಮ್ಮ" ಅನ್ನೋನು.

ಆ ವರ್ಷದ ಮಳೆ ಮುಗಿದು, ದಾರಿಯೆಲ್ಲ ಒಣಗಿ ಕಲ್ಲಾಗಿತ್ತು. ಒಂದು ಮಟಮಟ ಮಧ್ಯಾಹ್ನ ಹೆರಿಗೆಯಾಗಿ ರಕ್ತ ನಿಲ್ಲದ ಹೆಂಗಸೊಬ್ಬಳನ್ನ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೊರಟೆವು. ಹೆದ್ದಾರಿ ಸೇರೋವರೆಗೂ ಮಣ್ಣುದಾರಿ, ನಡುವೆ ಒಂದು ಕೆರೆ ಏರಿ. ಏರಿಯ ಕೊನೆಯ ತಿರುವಲ್ಲಿ ನನ್ನ ಕಾಲ ಕೆಳಗೇ "ಧಡ್" ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಧಡ್". ಯಾರೋ ಜೀಪಿನ ತಳಕ್ಕೆ ಮುಷ್ಟಿ ಕಟ್ಟಿ ಗುದ್ದಿದ ಸದ್ದು. ಕಣ್ಣು ಮುಚ್ಚಿದ್ದ ಆ ಹೆಂಗಸು ಕಣ್ಣು ಬಿಟ್ಟಳು.

"ನರ್ಸಮ್ಮ, ಕೆಳಗಿಂದ ಯಾರೋ ತಟ್ತಾವ್ರೆ. ಯಾರು ಅಂತ ಒಸಿ ನೋಡಿ," ಅಂದಳು.

"ಯಾರೂ ಇಲ್ಲ ಕಣವ್ವಾ, ಕಲ್ಲು," ಅಂದೆ. ಹೆದ್ದಾರಿ ಸೇರೋ ಮೊದಲೇ ಅವಳ ಕೈ ನನ್ನ ಕೈಯಲ್ಲಿ ತಣ್ಣಗಾಯಿತು.

ಅಯ್ಯೋ, ಅದು ಅಷ್ಟಕ್ಕೇ ಮುಗಿದಿದ್ದರೆ ಮರೆತುಬಿಡುತ್ತಿದ್ದೆ. ಹೆಣ ವಾಪಸ್ಸು ತರುವಾಗ ಅದೇ ಏರಿ, ಅದೇ ತಿರುವು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಸದ್ದೇ ಇಲ್ಲ. ಜೊತೆಗಿದ್ದ ಅವಳ ಅತ್ತೆ ಅಳು ನಿಲ್ಲಿಸಿ, "ಬೇಕಾಗಿದ್ದು ಸಿಕ್ತಲ್ಲ ಅದಕ್ಕೆ, ಇನ್ಯಾಕೆ ತಟ್ಟುತ್ತೆ" ಅಂದಳು.

ಮಾರನೇ ದಿನವೇ ಅಣ್ಣ ಗಾಡಿಯನ್ನ ನೆಲಮಂಗಲದ ಒಬ್ಬ ರಿಪೇರಿ ಮೇಸ್ತ್ರಿ ಹತ್ತಿರ ಒಯ್ದ. ನಾನೂ ಹೋದೆ. ಮೇಸ್ತ್ರಿ ಸಾಬರು ಗೋಣಿತಾಟು ಹಾಸಿ ಕೆಳಗೆ ನುಸುಳಿದರು, ಸ್ಪ್ರಿಂಗು ಅಲ್ಲಾಡಿಸಿದರು, ಬೋಲ್ಟು ಬಿಗಿ ಮಾಡಿದರು, ತಾವೇ ಓಡಿಸಿಕೊಂಡು ಒಂದು ಸುತ್ತು ಬಂದರು. ಏನೂ ಕೇಳಿಸಲಿಲ್ಲ. "ಗಾಡಿ ಮಸ್ತ್ ಐತೆ ಅಮ್ಮಾ. ನಿಮ್ಮ ಕಿವಿ ಬಿಚ್ಚಿ ಇಲ್ಲಿಡಿ, ಸಾಫ್ ಮಾಡಿ ಕೊಡ್ತೀನಿ," ಅಂತ ನಕ್ಕರು. ನಾನು ಮುಖ ಊದಿಸಿಕೊಂಡು ಬಂದೆ.

ಆಮೇಲೆ ಒಂದು ತಿಂಗಳು ಸದ್ದಿಲ್ಲ. ಔಷಧಿ ತರೋಕೆ ಹೋದೆವು, ಸೂಜಿ ಚುಚ್ಚೋಕೆ ಹಳ್ಳಿ ಹಳ್ಳಿ ಸುತ್ತಿದೆವು, ಆ ಏರಿಯನ್ನ ಎಷ್ಟು ಸಲ ದಾಟಿದೆವೋ. ಆಮೇಲೊಂದು ದಿನ ವಾಂತಿಭೇದಿಯಾಗಿ ಕಣ್ಣು ಗುಳಿಬಿದ್ದ ಒಂದು ಕೂಸನ್ನ ಮಲಗಿಸಿಕೊಂಡೆವು. ತಿರುವಲ್ಲಿ "ಧಡ್". ಕೂಸು ಉಳಿಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಫಿಟ್ಸ್ ಬಂದ ಬಸುರಿ ಹೆಂಗಸು. ಮತ್ತೆ "ಧಡ್". ಆ ಸಲ ನಾನು ಮಾಡಿದ್ದನ್ನ ಹೇಳೋಕೆ ಈಗಲೂ ನಾಚಿಕೆ. ಸದ್ದು ಕೇಳಿದ ಕೂಡಲೇ ನನ್ನ ಕೈ ಅವಳ ನಾಡಿ ಬಿಟ್ಟುಬಿಟ್ಟಿತು. ಇವಳೂ ಹೋದಳು ಅಂದುಕೊಂಡೆ. ಅವಳಿನ್ನೂ ಉಸಿರಾಡುತ್ತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಆಸ್ಪತ್ರೆ ಬಾಗಿಲಲ್ಲಿ ಹೋದಳು.

ಊರಲ್ಲಿ ಸುದ್ದಿ ಹಬ್ಬೋಕೆ ಎಷ್ಟು ಹೊತ್ತು? ಬರಿಗಾಡಿಯಲ್ಲಿ ತಟ್ಟೋದಿಲ್ಲ, ಗಟ್ಟಿಮುಟ್ಟಾದೋರು ಕೂತರೆ ತಟ್ಟೋದಿಲ್ಲ, ಸಾಯೋರು ಮಲಗಿದರೆ ಮಾತ್ರ ತಟ್ಟುತ್ತೆ. ಜನ ಎತ್ತಿನ ಗಾಡಿ ಕಟ್ಟಿದರೇ ಹೊರತು ನಮ್ಮ ಜೀಪು ಹತ್ತಲಿಲ್ಲ. ಅಣ್ಣ ಬೂದುಗುಂಬಳ ಒಡೆದ, ಮುಂದುಗಡೆ ನಿಂಬೆಹಣ್ಣು ಕಟ್ಟಿದ. ಬೈಯಬೇಕು ಅಂತ ಬಾಯಿವರೆಗೂ ಬಂತು, ಬೈಯಲಿಲ್ಲ. ನಿಂಬೆಹಣ್ಣು ಬಾಡಿದಾಗ ಹೊಸದು ಕಟ್ಟು ಅಂತ ನಾನೇ ನೆನಪು ಮಾಡಿದೆ.

ಅಷ್ಟರಲ್ಲಿ ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೊಟ್ಟೆ ಮುಟ್ಟಿ ನೋಡಿದೆ. ಮಗು ಅಡ್ಡ ಮಲಗಿತ್ತು. ವಾರ ಬಿಟ್ಟು ನೋಡಿದೆ, ಇನ್ನೂ ಅಡ್ಡ. "ಅಣ್ಣಾ, ಇದು ನನ್ನ ಕೈಯಲ್ಲಿ ಆಗೋ ಹೆರಿಗೆ ಅಲ್ಲ. ಆಪರೇಷನ್ನೇ ಆಗಬೇಕು. ಈಗಲೇ ಬೆಂಗಳೂರಿಗೆ ಸೇರಿಸಿಬಿಡೋಣ," ಅಂದೆ.

"ಬಸ್ಸಲ್ಲಿ ಕರ್ಕೊಂಡು ಹೋಗ್ತೀನಿ. ಈ ಗಾಡೀಲಿ ಮಾತ್ರ ಬ್ಯಾಡ."

ಬಸ್ಸಲ್ಲಿ ಹೋದರು. ಆಸ್ಪತ್ರೆಯವರು ಇನ್ನೂ ದಿನ ಇದೆ, ನೋವು ಬಂದ ಕೂಡಲೇ ತಡಮಾಡದೆ ಬನ್ನಿ ಅಂತ ವಾಪಸ್ಸು ಕಳಿಸಿದರು. ನಮ್ಮೂರಿಗೆ ಬಸ್ಸು ದಿನಕ್ಕೆ ಎರಡು ಸಲ. ನೋವು ಬಸ್ಸಿನ ಹೊತ್ತು ನೋಡಿಕೊಂಡು ಬರುತ್ತಾ? ಎತ್ತಿನ ಗಾಡಿಯಲ್ಲಿ ಹೊರಟರೆ ತಾಯಿ ಮಗು ಎರಡೂ ಉಳಿಯೋದಿಲ್ಲ ಅಂತ ಬಿಡಿಸಿ ಹೇಳಿದೆ. ಅವನು ಮುಖ ಆಚೆ ತಿರುಗಿಸಿ, "ಅದು ತಟ್ಟಿಬಿಟ್ರೆ ಏನ್ಮಾಡ್ಲಿ ನರ್ಸಮ್ಮ? ನನ್ನ ಕೈಯಲ್ಲೇ ಸ್ಟೇರಿಂಗು ಇರ್ತದಲ್ಲ," ಅಂದ.

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಜೀಪಿನ ಮೇಲೂ, ನನ್ನ ಮೇಲೂ. "ನಡಿ. ಇವತ್ತು ನಾನು ಮಲಗ್ತೀನಿ. ತಟ್ಟಲಿ, ಯಾವನು ತಟ್ಟೋದು ಅಂತ ನೋಡೇಬಿಡ್ತೀನಿ," ಅಂದೆ. ಮಗುವಿನ ಎದೆಬಡಿತ ಕೇಳೋ ಮರದ ಕೊಳವೆ ಚೀಲದಲ್ಲಿತ್ತು. ಅದನ್ನ ಕೈಯಲ್ಲಿ ಹಿಡಿದು ರೋಗಿ ಮಲಗೋ ಹಲಗೆ ಮೇಲೆ ಅಂಗಾತ ಮಲಗಿದೆ. ಮೂರು ಜನ ನೋಡಿದ್ದ ಅದೇ ತಗಡಿನ ಸೂರು ನನ್ನ ಕಣ್ಣ ಮೇಲೂ ಬಂತು. ಸುಳ್ಳು ಹೇಳಲಾರೆ, ಕೊಳವೆಯನ್ನ ಎರಡೂ ಕೈಯಲ್ಲಿ ಬಿಗಿಹಿಡಿದೆ.

ಏರಿ ದಾಟಿದೆವು. ಏನೂ ಇಲ್ಲ. ತಿರುಗಿಸಿಕೊಂಡು ಇನ್ನೊಂದು ಸಲ ಬಂದೆವು. ಊಹೂಂ.

"ಅಣ್ಣಾ, ಕಲ್ಲುಚಪ್ಪಡಿ ಸಾಗಿಸಿದ ಹಾಗೆ ಓಡಿಸ್ತಾ ಇದ್ದೀಯ. ರೋಗಿ ಇದ್ದಾಗ ಹೇಗೆ ಓಡಿಸ್ತಿದ್ದೆಯೋ ಹಾಗೆ ಓಡಿಸು. ನಾನಲ್ಲ, ನಿನ್ನ ಮಗಳು ಮಲಗವ್ಳೆ ಅಂದ್ಕೋ. ಮೆಲ್ಲಗೆ ಕಣಣ್ಣಾ, ಮೆಲ್ಲಗೆ."

ಅವನು ಬಗ್ಗಿ ಕೆಳಗೆ ಏನೋ ಎಳೆದದ್ದು ಕೇಳಿತು. ಇಂಜಿನ್ನಿನ ದನಿ ಬದಲಾಯಿತು, ಗಾಡಿ ತೆವಳುವ ಹಾಗೆ ಹೊರಟಿತು. ನಾನು ಮಗ್ಗುಲಾಗಿ ಕೊಳವೆಯ ಒಂದು ತುದಿ ತಳದ ತಗಡಿಗೆ ಒತ್ತಿ, ಇನ್ನೊಂದಕ್ಕೆ ಕಿವಿ ಕೊಟ್ಟೆ. ಬಸುರಿಯ ಹೊಟ್ಟೆ ಮೇಲೆ ಕೇಳುವ ಹಾಗೆಯೇ ಕೇಳಿದೆ. ಒಳಗೆ ಏನೋ ಹಲ್ಲು ಕಡಿಯುತ್ತಿತ್ತು. ಕಿರ್ರ್ ಅಂತ ಬಿಗಿಯುತ್ತಾ, ಬಿಗಿಯುತ್ತಾ ಹೋಯಿತು. ಬಿಸಿಲಲ್ಲಿ ಏರಿ ಖಾಲಿ, ಒಂದು ಹಕ್ಕಿಯೂ ಇಲ್ಲ. ತಿರುವು ಬಂತು. "ಧಡ್" ಅಂತ ನನ್ನ ಕಿವಿಯೊಳಕ್ಕೇ ಬಡಿಯಿತು.

ಅಣ್ಣ ಬ್ರೇಕು ತುಳಿದು ತಲೆ ಮೇಲೆ ಕೈಹೊತ್ತ. ನಾನು ಚೀರಲಿಲ್ಲ, ಎದ್ದು ಕೂತೆ. "ಈಗ ಏನು ಎಳೆದೆ?"

"ಏನೂ ಇಲ್ಲ ನರ್ಸಮ್ಮ. ಈ ಎರಡು ಚಿಕ್ಕ ಗೇರು, ನಾಲ್ಕೂ ಚಕ್ರ ಒಟ್ಟಿಗೆ ಎಳೆಯೋವು. ಹೋದ ಮಳೆಗಾಲದಲ್ಲಿ ಕೆಸರಲ್ಲಿ ಹೂತ್ಕೊಂಡಾಗ ಇವನ್ನ ಎಳೆದಿದ್ದೆ, ಬೆಣ್ಣೆ ಹಂಗೆ ಬಂದ್ಬಿಡ್ತು ಗಾಡಿ. ಅವತ್ತಿಂದ ರೋಗಿ ಮಲಗಿದ್ರೆ ಇದೇ ಹಾಕ್ತೀನಿ. ಕುಲುಕದೆ ಹೋಗ್ಲಿ ಅಂತ."

ಅಲ್ಲಿಂದ ಸೀದಾ ಮೇಸ್ತ್ರಿ ಹತ್ತಿರ ಹೋದೆವು. ಈ ಸಲ ಅವರು ನಗಲಿಲ್ಲ. ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನ ಎರಡೂ ತುದಿ ಹಿಡಿದು ಹಿಂಡಿ ತೋರಿಸಿದರು. "ಇದು ಕೆಸರಿಗೆ ಇರೋ ಗೇರು. ಕೆಸರಲ್ಲಿ ಚಕ್ರ ಜಾರುತ್ತೆ, ಸರಿಹೋಗುತ್ತೆ. ಗಟ್ಟಿ ನೆಲದ ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ಓಡಬೇಕು, ಹಿಂದಿನದು ಕಮ್ಮಿ. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದ್ರೆ ಒಳಗೆ ಹಿಂಗೆ ಬಿಗೀತದೆ. ತಡೀಲಾರದೆ ಚಕ್ರ ಜಾರಿದಾಗ ಧಡ್ ಅಂತದೆ. ಅಷ್ಟೇ." ಬಟ್ಟೆ ಬಿಟ್ಟರು, ಅದು ಗಿರಗಿರ ಬಿಚ್ಚಿಕೊಂಡಿತು. ಆಮೇಲೆ ಹುಬ್ಬು ಗಂಟಿಕ್ಕಿ, "ಅಲ್ಲಾ, ಸೀರಿಯಸ್ ಕೇಸು ಈ ಗೇರಲ್ಲಿ ಒಯ್ತಿದ್ರಾ? ಹೆದ್ದಾರಿ ಮುಟ್ಟೋಕೇ ಒಂದಕ್ಕೆ ಎರಡರಷ್ಟು ಹೊತ್ತು ಆಗ್ತದಲ್ಲ," ಅಂದರು.

ಊರು ಸೇರಿದ ಮೇಲೆ ಅಣ್ಣ ನಿಂಬೆಹಣ್ಣು ಕಿತ್ತು ಬೇಲಿಯಾಚೆ ಎಸೆದ.

ಆರನೇ ದಿನ ಬೆಳಿಗ್ಗೆ ಹುಡುಗಿಗೆ ನೋವು ಬಂತು. ಮಲಗಿಸಿಕೊಂಡು ಹೊರಟೆವು. "ಮೆಲ್ಲಗೆ" ಅನ್ನೋಕೆ ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ. "ಓಡಿಸಣ್ಣಾ, ಏನಾದರಾಗಲಿ ಓಡಿಸು," ಅಂದೆ. ಪ್ರತಿ ಹಳ್ಳಕ್ಕೂ ಆ ಹುಡುಗಿ "ಅಪ್ಪಾ, ಅಪ್ಪಾ" ಅಂತ ಕಿರುಚಿದಳು. ಅವನು ಅಳುತ್ತಲೇ ಓಡಿಸಿದ. ಏರಿಯ ತಿರುವು ಬಂದಾಗ ನನ್ನ ಅಂಗಾಲು ತಾನಾಗೇ ಸೆಟೆದುಕೊಂಡು ಕಾಯಿತು. ತಟ್ಟಲಿಲ್ಲ. ಹೆಣ ತಂದ ದಿನವೂ ಹೀಗೇ ತಟ್ಟಿರಲಿಲ್ಲ. ಕಾರಣ ಗೊತ್ತಿದ್ದೂ ಆ ಮೌನಕ್ಕೆ ನಾನು ಹೆದರಿದಷ್ಟು ಸದ್ದಿಗೂ ಹೆದರಿರಲಿಲ್ಲ.

ಆಪರೇಷನ್ ಆಯಿತು. ಗಂಡುಮಗು, ತಾಯಿಯೂ ಕ್ಷೇಮ. ಆಸ್ಪತ್ರೆ ಮೆಟ್ಟಿಲ ಮೇಲೆ ಅಣ್ಣ ನನ್ನ ಪಕ್ಕದಲ್ಲಿ ಕೂತ. "ನರ್ಸಮ್ಮ, ಹಿಂಗೇ ಓಡಿಸ್ಕೊಂಡು ಬಂದಿದ್ರೆ ಅವರು ಮೂರು ಜನ..." ಅಂದ.

"ಅವರ ಹಣೆಯಲ್ಲಿ ಬರೆದಿತ್ತು ಕಣಣ್ಣಾ," ಅಂದೆ. ಹಣೆಬರಹ ಅಂದವರಿಗೆಲ್ಲ ಬಾಯಿಗೆ ಬಂದ ಹಾಗೆ ಬೈದು ಬಾಳಿದವಳು ನಾನು. ಅವತ್ತು ಆ ಮಾತು ಎಷ್ಟು ಸಲೀಸಾಗಿ ಬಂತು.

ಎರಡು ವಾರ ಕಳೆದು ಬಾಣಂತಿ ಮಗುವನ್ನ ಅದೇ ಜೀಪಲ್ಲಿ ಮನೆಗೆ ಕರೆತಂದೆವು. ಕೂಸು ನನ್ನ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಏರಿಯ ತಿರುವು ಇನ್ನೂ ಮುಂದಿದೆ ಅನ್ನುವಾಗ ಅಣ್ಣ ಗಾಡಿ ನಿಧಾನ ಮಾಡಿ, ಹಿಂದಕ್ಕೆ ತಿರುಗದೆ ಕೇಳಿದ.

"ಮೆಲ್ಲಗೆ ಹೋಗ್ಲಾ, ನರ್ಸಮ್ಮ?"

ಅಭ್ಯಾಸಕ್ಕೆ ಕೇಳಿದನೋ, ಆ ಮೂವರನ್ನ ನೆನಪಿಸೋಕೆ ಬೇಕೂ ಅಂತಲೇ ಕೇಳಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಇನ್ನೂ ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದೆವು, ನಾನು ವಿಚಾರಿಸಲೇ ಇಲ್ಲ. ಆಗ ನಾನು ಕೂಸಿನ ಕಿವಿ ಸೆರಗಿಂದ ಮುಚ್ಚಿ ಕೂತಿದ್ದೆ. ನನ್ನ ಉತ್ತರಕ್ಕೆ ಕಾದು ಕಾದು, ಕೊನೆಗೆ ಅವನೇ ಚಿಕ್ಕ ಗೇರು ಮುಟ್ಟದೆ ಮುಂದಕ್ಕೆ ಹೊರಟ.