ಎರಡು ವಾರದಲ್ಲಿ ಅಭ್ಯಾಸ ಆಗುತ್ತದೆ

ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯವನನ್ನು ಊರೆಲ್ಲ ಡಾಕ್ಟ್ರು ಎಂದೇ ಕರೆಯುತ್ತದೆ. ಅವನು ಡಾಕ್ಟರಲ್ಲ. ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ ನೋಡಿ ಗಾಜು ಕೊರೆದು ಫ್ರೇಮಿಗೆ ಕೂರಿಸುವವನು. ಮೊದಮೊದಲು 'ಅಯ್ಯೋ, ನಾನು ಡಾಕ್ಟ್ರಲ್ಲ' ಎಂದು ತಿದ್ದುತ್ತಿದ್ದ. ತಿದ್ದಿಸಿಕೊಂಡವರು ಪಕ್ಕದ ಬೀದಿಯ ಅಂಗಡಿಯಲ್ಲಿ ಕಾಣಿಸಿಕೊಳ್ಳತೊಡಗಿದ ಮೇಲೆ ಆ ಪ್ರಾಮಾಣಿಕತೆಯನ್ನು ಬಿಟ್ಟ.

ಇಪ್ಪತ್ತೆರಡು ವರ್ಷದಲ್ಲಿ ತನ್ನ ಅಂಗಡಿಯಿಂದ ಒಂದೇ ಒಂದು ತಪ್ಪು ಕನ್ನಡಕ ಹೊರಗೆ ಹೋಗಿಲ್ಲ ಎನ್ನುವುದು ಅವನ ಹೆಮ್ಮೆ. ಯಾರಾದರೂ ಹೊಸ ಕನ್ನಡಕ ಏರಿಸಿಕೊಂಡು, 'ನೆಲ ಎದ್ದು ಬಂದಂಗೆ ಕಾಣುತ್ತಲ್ಲ ಡಾಕ್ಟ್ರೇ' ಎಂದರೆ, ಅವನು ತಲೆ ಎತ್ತದೆ ಹೇಳುತ್ತಾನೆ: 'ಎರಡು ವಾರ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ.' ಹತ್ತರಲ್ಲಿ ಒಂಬತ್ತು ಜನಕ್ಕೆ ನಿಜವಾಗಿಯೂ ಅಭ್ಯಾಸವಾಗುತ್ತದೆ. ಹತ್ತನೆಯವರು ತಮ್ಮ ತಲೆಯಲ್ಲೇ ಏನೋ ದೋಷವಿರಬೇಕೆಂದುಕೊಂಡು ಸುಮ್ಮನಾಗುತ್ತಾರೆ. ಇಷ್ಟು ಕಡಿಮೆ ಬಂಡವಾಳದಲ್ಲಿ ಇಷ್ಟು ದೀರ್ಘಕಾಲ ಬಾಳಿಕೆ ಬಂದ ಸರಕು ಅವನ ಅಂಗಡಿಯಲ್ಲಿ ಇನ್ನೊಂದಿಲ್ಲ.

ಇಂಥವನಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಸ್ಪರ್ಧೆಯ ಹುಚ್ಚು ಹಿಡಿಯಿತು. ಒಂದೇ ದಿನದಲ್ಲಿ ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಈಜಿ, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ನೂರ ಎಂಬತ್ತು ಕಿಲೋಮೀಟರ್ ತುಳಿದು, ಇಳಿದವನೇ ನಲವತ್ತೆರಡು ಕಿಲೋಮೀಟರ್ ಓಡುವ ಸ್ಪರ್ಧೆ ಅದು. ಗೆದ್ದವರಿಗೆ ಏನು ಕೊಡುತ್ತಾರೆ ಎಂದು ಮನೆಯಲ್ಲೇ ಇದ್ದ ಅತ್ತೆ, ಹೆಂಡತಿಯ ತಾಯಿ, ಕೇಳಿದರು. ಮುಗಿಸಿದರೆ ಸಾಕು, ಕೊರಳಿಗೊಂದು ಪದಕ ಹಾಕುತ್ತಾರೆ ಎಂದ. 'ಅಷ್ಟೇನಾ? ಬಸ್ಸಲ್ಲಿ ಹೋದ್ರೆ ಕೊಡಲ್ವಾ?' ಎಂದರು ಅತ್ತೆ.

ಹೆಂಡತಿ ನಗಲಿಲ್ಲ. ಅವಳು ಎದುರಿನ ಬಸ್ ನಿಲ್ದಾಣದಲ್ಲಿ ಸಮಯಪಾಲಕಿ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ತಡವಾಯಿತು, ಯಾಕೆ ತಡವಾಯಿತು ಎಂದು ಬರೆದಿಡುವುದೇ ಅವಳ ಕೆಲಸ. ಅವಳ ಪುಸ್ತಕದಲ್ಲಿ 'ಕಾರಣ' ಎಂಬ ಕಾಲಮಿನಲ್ಲಿ ಎರಡೇ ಬಗೆ: ಗಾಡಿಯ ತಪ್ಪು, ಇಲ್ಲವೇ ಡ್ರೈವರನ ತಪ್ಪು. ಡ್ರೈವರುಗಳು ಮಳೆ, ಗಾಳಿ, ಗ್ರಹಚಾರ ಎಂದು ಮೂರನೆಯ ಬಗೆ ಹುಡುಕಿ ಹುಡುಕಿ ಸೋತಿದ್ದಾರೆ.

'ಒಂದು ವರ್ಷ ಕೊಡ್ತೀನಿ ರೀ' ಎಂದಳು. 'ಒಂದು ವರ್ಷ ಅಂದ್ರೆ ಒಂದೇ ವರ್ಷ. ಆಗದೇ ಹೋದ್ರೆ ಆ ಸೈಕಲ್ ಮಾರಿಬಿಡಬೇಕು. ನನ್ನ ಭಾನುವಾರಗಳು ನನಗೆ ವಾಪಸ್ ಬರಬೇಕು.'

'ಆಯ್ತು ಮಾರಾಯ್ತಿ' ಎಂದ. ವರ್ಷವೆಂದರೆ ಬಹಳ ದೊಡ್ಡದು ಎಂದು ಅವನಿಗೆ ಆಗ ಅನ್ನಿಸಿತ್ತು.

ವರ್ಷದಲ್ಲಿ ಎಷ್ಟು ಕಡಿಮೆ ಹೊತ್ತಿದೆ ಎಂಬುದು ಆಮೇಲೆ ತಿಳಿಯಿತು. ಬೆಳಗ್ಗೆ ಐದಕ್ಕೆ ಈಜುಕೊಳಕ್ಕೆ ಹೋದರೆ, ಕಾವಲುಗಾರ ಬೀಗದ ಕೈ ಮರೆತಿರುತ್ತಿದ್ದ. ಬೀಗದ ಕೈ ಇದ್ದ ದಿನ ನೀರಿರುತ್ತಿರಲಿಲ್ಲ. ಎರಡೂ ಇದ್ದ ದಿನ, ಇಬ್ಬರು ಹೆಂಗಸರು ಅವನ ಸಾಲಿನಲ್ಲೇ ಕತ್ತು ಮೇಲೆತ್ತಿಕೊಂಡು ಸೊಸೆಯಂದಿರ ವಿಚಾರ ಮಾತಾಡುತ್ತ ತೇಲುತ್ತಿದ್ದರು. ಅವರನ್ನು ಸುತ್ತಿ ಈಜಿ ಈಜಿ ಅವನಿಗೆ ಇಬ್ಬರು ಸೊಸೆಯರ ಗುಣಾವಗುಣಗಳೂ ಬಾಯಿಪಾಠವಾದವು.

ಸೈಕಲ್ಲನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ, ಒಂದು ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿದ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಲ್ಲೇ ತುಳಿಯುವುದು. ಮೇಲೆ ಅಂಗಡಿಯ ಷರ್ಟು, ಕೆಳಗೆ ಕುಂಡೆಗೆ ಮೆತ್ತೆ ಹಾಕಿದ ಬಿಗಿಯಾದ ಕರಿ ಚಡ್ಡಿ. ಗಂಟೆ ಬಾರಿಸಿದರೆ ಇಳಿದು ಬಂದು ಕೌಂಟರಿನ ಹಿಂದೆ ನಿಲ್ಲುತ್ತಿದ್ದ. ಕೌಂಟರು ಸೊಂಟದಷ್ಟು ಎತ್ತರವಿದ್ದುದರಿಂದ ಮರ್ಯಾದೆ ಉಳಿದಿತ್ತು. ಆದರೆ ಗಂಟೆ ಬಾರಿಸುತ್ತಿದ್ದವರು ಯಾರು? ನಿವೃತ್ತ ಮೇಷ್ಟ್ರು. ಅವರ ಕನ್ನಡಕದ ಕಿವಿಯ ತಿರುಪು ದಿನಾ ಸಡಿಲವಾಗುತ್ತಿತ್ತು. ಬಿಗಿ ಮಾಡಿಸಿಕೊಳ್ಳಲು ಅರ್ಧ ನಿಮಿಷ, ಅದು ಸಡಿಲವಾದ ಕಥೆ ಹೇಳಲು ಅರ್ಧ ಗಂಟೆ. ಒಂದು ದಿನ ತಿರುಪು ಕೆಳಗೆ ಬಿತ್ತು. ಮೇಷ್ಟ್ರು ಬಗ್ಗಿ, ಕೌಂಟರಿನ ಸಂದಿಯಲ್ಲಿ ಕಣ್ಣು ಹಾಯಿಸಿ, ನಿಧಾನವಾಗಿ ಎದ್ದು ನಿಂತರು.

'ಡಾಕ್ಟ್ರೇ, ಮನೇಲಿ ಎಲ್ಲ ಚೆನ್ನಾಗಿದ್ದಾರಾ?' ಎಂದು ಮೃದುವಾಗಿ ಕೇಳಿದರು.

ಓಟಕ್ಕೆ ಸಮಯವೇ ಸಿಗದೆ, ಸಿದ್ಧವಾದ ಕನ್ನಡಕಗಳನ್ನು ಮನೆಮನೆಗೆ ಓಡುತ್ತಲೇ ತಲುಪಿಸುವ ಏರ್ಪಾಡು ಮಾಡಿಕೊಂಡ. ಏಳು ಕಿಲೋಮೀಟರ್ ಓಡಿ ಬೆವರು ಸುರಿಸುತ್ತ ಬಾಗಿಲಲ್ಲಿ ನಿಂತವನನ್ನು ಕಂಡು ಜನ ಗಾಬರಿಯಾಗಿ ನೀರು ಕೊಟ್ಟು ಕೂರಿಸುತ್ತಿದ್ದರು. ಕೂತರೆ ಕಾಲು ಹಿಡಿದುಕೊಳ್ಳುತ್ತಿತ್ತು. ನಿಂತರೆ 'ಇಷ್ಟೊಂದು ಅರ್ಜೆಂಟ್ ಇರಲಿಲ್ಲ ಡಾಕ್ಟ್ರೇ' ಎನ್ನಿಸಿಕೊಳ್ಳಬೇಕಿತ್ತು. ಹೀಗೆ ಯಾವುದನ್ನೂ ನೆಟ್ಟಗೆ ಮಾಡಲಾಗದೆ, ಯಾವುದನ್ನೂ ಬಿಡಲಾಗದೆ, ಹನ್ನೊಂದು ತಿಂಗಳು ಹಲ್ಲು ಕಚ್ಚಿಕೊಂಡು ತಳ್ಳಿದ.

ಸ್ಪರ್ಧೆಯವರದ್ದು ಒಂದು ಕಟ್ಟಳೆಯಿತ್ತು. ಒಂದು ತಿಂಗಳು ಮುಂಚೆ ಕೆರೆಯಲ್ಲಿ ಪರೀಕ್ಷೆ: ಪೂರ್ತಿ ದೂರವನ್ನು ಎರಡು ಗಂಟೆ ಇಪ್ಪತ್ತು ನಿಮಿಷದೊಳಗೆ ಈಜಿ ತೋರಿಸಬೇಕು. ತೋರಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ಎರಡನೆಯ ಅವಕಾಶವಿಲ್ಲ. ಕೊಳದಲ್ಲಿ ಅವನು ಎರಡು ಗಂಟೆ ಐದು ನಿಮಿಷಕ್ಕೆ ಮುಗಿಸುತ್ತಿದ್ದ. ತೊಂದರೆ ಇದ್ದದ್ದು ಕಣ್ಣಿನದು. ಬಲಗಣ್ಣಿಗೆ ಮೈನಸ್ ಆರು, ಎಡಗಣ್ಣಿಗೆ ಮೈನಸ್ ಎರಡೂವರೆ. ಕನ್ನಡಕ ತೆಗೆದರೆ ಕೆರೆಯ ಗುರುತುಗಳಿರಲಿ, ಕೆರೆಯೇ ಕಾಣದು.

ಕನ್ನಡಕದವನಿಗೆ ಇದೊಂದು ಕಷ್ಟವೇ? ಪರೀಕ್ಷೆಗೆ ಆರು ವಾರವಿದ್ದಾಗ ಒಂದು ಸಂಜೆ, ಸಾದಾ ಈಜುಕನ್ನಡಕ ತಂದು, ತನ್ನ ಪವರಿನ ಎರಡು ಗಾಜು ಕೊರೆದು, ಅದರ ಒಳಮೈಗೆ ಅಂಟಿಸಿದ. ಅದೇ ಸಂಜೆ ಅತ್ತೆಯ ಹೊಸ ಕನ್ನಡಕದ ಕೆಲಸವೂ ಇತ್ತು. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಕಣ್ಣುಗಳ ನಡುವಿನ ಅಂತರ ಅಳೆಯುತ್ತಿರುವಾಗಲೇ ಮೊಬೈಲು ಕಿರುಚಿತು: ಮಧ್ಯಾಹ್ನ ತಪ್ಪಿಹೋಗಿದ್ದ ಸೈಕಲ್ ತುಳಿಯುವ ಹೊತ್ತು. ಅಳತೆ ಗೀಚಿಕೊಂಡು ಎದ್ದುಬಿಟ್ಟ.

ಹೊಸ ಈಜುಕನ್ನಡಕ ಹಾಕಿಕೊಂಡು ಕೊಳಕ್ಕಿಳಿದ ಮೊದಲ ದಿನವೇ ತಲೆ ಸಿಡಿಯಿತು. ಕೊಳದ ತಳದ ಕಪ್ಪು ಗೆರೆ ಕಾಣುತ್ತಿತ್ತು, ಆದರೆ ಯಾಕೋ ವಾಲಿದಂತೆ, ಮಂಜು ಕವಿದಂತೆ. ಈಚೆ ಬಂದು, ಒದ್ದೆ ತಲೆ ಒರೆಸಿಕೊಳ್ಳುತ್ತ, ತನಗೆ ತಾನೇ ಗಂಭೀರವಾಗಿ ಹೇಳಿಕೊಂಡ: 'ಎರಡು ವಾರ. ಅಭ್ಯಾಸ ಆಗುತ್ತೆ.'

ಆ ಮಾತನ್ನು ಇಪ್ಪತ್ತೆರಡು ವರ್ಷ ಮಾರಿದ್ದವನು ಮೊದಲ ಸಲ ತಾನೇ ಕೊಂಡುಕೊಂಡ.

ಮನೆಯಲ್ಲಿ ಅತ್ತೆಯದ್ದೂ ಅದೇ ರಾಗ. 'ಅಳಿಯಂದ್ರೇ, ಇದು ಒಂದ್ಕಡೆ ಎಳೀತದೆ. ಮೆಟ್ಟಿಲು ಎಲ್ಲಿದೆ ಅಂತ ಕಾಲಲ್ಲಿ ತಡಕಿ ನೋಡೋ ಹಂಗಾಗಿದೆ.'

'ಎರಡು ವಾರ ಅತ್ತೆ.'

ಎರಡು ವಾರ ಕಳೆದ ಮೇಲೆ ಮತ್ತೆ ಎರಡು ವಾರ ಕೊಟ್ಟ. ಅದು ಮುಗಿದ ಮೇಲೆ ಇನ್ನೆರಡು. ಅತ್ತೆ ಹಳೆಯ ಕನ್ನಡಕವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ಅವನು ಮನೆಗೆ ಬಂದಾಗ ಮಾತ್ರ ಹೊಸದನ್ನು ಹಾಕಿಕೊಳ್ಳತೊಡಗಿದರು.

ಪರೀಕ್ಷೆಯ ಭಾನುವಾರ ಬಂತು. ಕೆರೆಯಲ್ಲಿ ಮೂರು ದೊಡ್ಡ ಕಿತ್ತಳೆ ಬಣ್ಣದ ಚೆಂಡುಗಳನ್ನು ತೇಲಿಬಿಟ್ಟಿದ್ದರು. ಅವನ್ನು ನಾಲ್ಕು ಸಲ ಸುತ್ತಬೇಕು. ಸೀಟಿ ಊದಿದ್ದೇ ತಡ, ಅವನು ಧುಮುಕಿದ. ಕೈಯಲ್ಲಿ ಬಲವಿತ್ತು, ಉಸಿರು ಹದವಾಗಿತ್ತು. ಕೊಳದಲ್ಲಿ ಇದ್ದ ಒಂದೇ ಒಂದು ವಸ್ತು ಇಲ್ಲಿರಲಿಲ್ಲ: ತಳದ ಕಪ್ಪು ಗೆರೆ. ತಲೆ ಎತ್ತಿ ನೋಡಿದರೆ ದೂರದಲ್ಲಿ ಕಿತ್ತಳೆ ಬಣ್ಣದ ಕಲೆಯೊಂದು ಅಲುಗುತ್ತಿತ್ತು. ಅದರತ್ತ ಹೊರಟ. ಎಷ್ಟು ಈಜಿದರೂ ಅದು ಹತ್ತಿರವಾಗಲಿಲ್ಲ. ಇನ್ನೂ ಜೋರಾಗಿ ಕೈ ಬೀಸಿದ. ಕಲೆ ಇನ್ನೂ ಅತ್ತ ಸರಿಯಿತು. ನೀರಿನೊಳಗೇ ಬೈದುಕೊಂಡ, ಗುಟುಕು ನೀರು ಕುಡಿದ.

ಕೊನೆಗೆ ಆ ಕಲೆಯೇ ಬಾಯಿಬಿಟ್ಟು ಕೂಗಿತು: 'ಸಾರ್! ನನ್ನ ಹಿಂದೆ ಯಾಕೆ ಬರ್ತಿದ್ದೀರಿ? ನಿಮ್ಮನ್ನ ಕಾಯೋಕೆ ಅಂತ ನಾನು ಬಂದಿರೋದು!'

ಅದು ಕಾವಲು ದೋಣಿ. ದೋಣಿಯವನು ಹಾಕಿಕೊಂಡಿದ್ದ ಅಂಗಿಯೂ ಕಿತ್ತಳೆ ಬಣ್ಣದ್ದೇ. ಇವನಿಗೆ ತಾನು ಅಡ್ಡವಾದೆನೆಂದು ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟಷ್ಟೂ, ಇವನು ಅವನನ್ನು ಅಟ್ಟಿಸಿಕೊಂಡು ಹೋಗಿದ್ದ. ಮೊದಲ ಸುತ್ತಿನಲ್ಲೇ ಕಾಲು ಗಂಟೆ ಕೆರೆಯ ಪಾಲಾಯಿತು. ಉಳಿದ ಮೂರು ಸುತ್ತನ್ನು ಮುಂದಿನವರ ಕಾಲು ಎಬ್ಬಿಸಿದ ನೊರೆ ನೋಡಿಕೊಂಡು, ಅವರು ಮುಂದೆ ಹೋದಾಗ ದಡದವರ ಕೂಗು ಕೇಳಿಕೊಂಡು, ಅಂದಾಜಿನ ಮೇಲೆ ಮುಗಿಸಿದ.

ದಡದಲ್ಲಿ ಗಡಿಯಾರ ಹಿಡಿದಿದ್ದ ಹೆಂಗಸು, 'ಎರಡು ಇಪ್ಪತ್ತೇಳು. ಸಾರಿ ಸರ್' ಎಂದು ಅವನ ಹೆಸರಿನ ಮೇಲೆ ಗೆರೆ ಎಳೆದಳು. ಆ ಗೆರೆ ಮಾತ್ರ ಅವನಿಗೆ ಸ್ಪಷ್ಟವಾಗಿ ಕಂಡಿತು.

ಮನೆಗೆ ಹೋಗುವ ಮುಖವಿಲ್ಲದೆ ನೇರ ಅಂಗಡಿಗೆ ಬಂದ. ಬಾಗಿಲು ಅರ್ಧ ತೆಗೆದು ಒಳಗೆ ಹೋಗಿ, ಈಜುಕನ್ನಡಕವನ್ನು ಪವರ್ ನೋಡುವ ಯಂತ್ರದ ಕೆಳಗಿಟ್ಟ. ಬಲಗಡೆ: ಮೈನಸ್ ಎರಡೂವರೆ. ಎಡಗಡೆ: ಮೈನಸ್ ಆರು. ತಿರುಗಿಸಿ ಇಟ್ಟ. ಒರೆಸಿ ಇಟ್ಟ. ಯಂತ್ರಕ್ಕೊಂದು ಗುದ್ದಿ ಇಟ್ಟ. ಲೆಕ್ಕ ಬದಲಾಗಲಿಲ್ಲ.

ಎಲ್ಲವೂ ಹೊಳೆಯಿತು. ಇಪ್ಪತ್ತೆರಡು ವರ್ಷ ಅವನು ನೋಡಿದ್ದು ಎದುರಿಗೆ ಕೂತವರ ಮುಖಗಳನ್ನು. ಎದುರಿನವರ ಬಲಗಣ್ಣು ಇವನ ಎಡಗೈ ಕಡೆ. ಫ್ರೇಮನ್ನು ಮುಂಭಾಗ ತನ್ನ ಕಡೆ ಹಿಡಿದುಕೊಂಡು, ಬಲಗಣ್ಣಿನ ಗಾಜನ್ನು ಎಡಗೈ ಕಡೆ ಕೂರಿಸುವುದು ಕೈಗೇ ಗೊತ್ತು. ಆ ಸಂಜೆ ಗಾಜು ಅಂಟಿಸಿದ್ದು ಒಳಮೈಯಿಂದ. ಒಳಮೈ ಮೇಲೆ ಮಾಡಿಟ್ಟರೆ ಬಲ ಬಲಕ್ಕೇ ಇರುತ್ತದೆ ಎಂದು ತಲೆ ಹೇಳಬೇಕಿತ್ತು. ತಲೆ ಸೈಕಲ್ಲಿನ ಮೇಲಿತ್ತು. ಕೈ ತನ್ನ ಹಳೆಯ ರೂಢಿಯಂತೆ ಕೆಲಸ ಮುಗಿಸಿತ್ತು.

ಅಷ್ಟರಲ್ಲಿ, ಆ ಭಾನುವಾರ ಇನ್ನೊಬ್ಬರ ಬದಲಿಗೆ ಬಂದು ಪಾಳಿ ಮುಗಿಸಿದ ಹೆಂಡತಿ, ಅಂಗಡಿ ಬಾಗಿಲು ಅರ್ಧ ತೆರೆದಿರುವುದನ್ನು ಕಂಡು ರಸ್ತೆ ದಾಟಿ ಬಂದಳು. ಅವಳಿಗೆ ಊಟ ತಂದಿದ್ದ ಅತ್ತೆಯೂ, ಅಳಿಯನ ಅಂಗಡಿಗೆಂದು ಹೊಸ ಕನ್ನಡಕ ಏರಿಸಿಕೊಂಡು, ಜೊತೆಗಿದ್ದರು.

'ಎಷ್ಟು ತಡ?' ಎಂದಳು ಹೆಂಡತಿ. ಮುಖ ನೋಡಿಯೇ ಅವಳಿಗೆ ತಿಳಿದಿತ್ತು.

'ಏಳು ನಿಮಿಷ.'

'ಕಾರಣ?'

'ಕೆರೆಯಲ್ಲಿ ಗಾಳಿ...'

'ಗಾಳಿ ಅಂತ ನನ್ನ ಪುಸ್ತಕದಲ್ಲಿ ಇಲ್ಲ ರೀ. ಡ್ರೈವರನ ತಪ್ಪಾದ್ರೆ ಮಾತು ಮಾತೇ, ನಾಳೆ ಸೈಕಲ್ ಮಾರಿ. ಗಾಡಿ ತಪ್ಪಾದ್ರೆ ಆ ಟ್ರಿಪ್ಪೇ ರದ್ದು, ಇನ್ನೊಂದು ಸಲ ಬಿಡ್ತೀವಿ. ಯಾವುದು ಹೇಳಿ.'

ಅವನು ಈಜುಕನ್ನಡಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತ. ಗಾಡಿ ತಪ್ಪು ಎಂದರೆ ಇನ್ನೊಂದು ವರ್ಷ ಸಿಗುತ್ತದೆ. ಆದರೆ ಈ ಗಾಡಿ ತಯಾರಾದದ್ದು ಇದೇ ಮೇಜಿನ ಮೇಲೆ. ಅದೂ ಯಾರ ಮುಂದೆ ಹೇಳುವುದು? ಆರು ವಾರದಿಂದ 'ಎರಡು ವಾರ' ಕೇಳಿಸಿಕೊಂಡೇ ಬಂದಿರುವ ಅತ್ತೆಯ ಮುಂದೆ. ಹನ್ನೊಂದು ತಿಂಗಳ ಬೆವರು ಒಂದು ಕಡೆ, ಇಪ್ಪತ್ತೆರಡು ವರ್ಷದ ಜಂಬ ಇನ್ನೊಂದು ಕಡೆ. ಅವನು ಎರಡನ್ನೂ ಸಾಕಷ್ಟು ಹೊತ್ತು ತೂಗಿದ.

'ಗಾಡಿ ತಪ್ಪು' ಎಂದ ಕೊನೆಗೆ.

'ಗಾಡಿ ಮಾಡಿದ್ದು ಯಾರು?'

'ನಾನೇ ಕಣೇ! ಬಲದ್ದು ಎಡಕ್ಕೆ ಅಂಟಿಸಿದ್ದೀನಿ. ನಮ್ಮ ಅಂಗಡಿದೇ ತಪ್ಪು. ಸಾಕಾ?'

ಅಂಗಡಿಯಲ್ಲಿ ಗೋಡೆಗೆ ನೇತುಹಾಕಿದ್ದ ಇನ್ನೂರು ಫ್ರೇಮುಗಳು ಅವನನ್ನೇ ದಿಟ್ಟಿಸಿದವು. ಅತ್ತೆ ಮುಂದೆ ಬಂದು, ಹೊಸ ಕನ್ನಡಕವನ್ನು ತೆಗೆದು, ಮಡಿಸಿ, ಕೌಂಟರಿನ ಮೇಲೆ ಅವನ ಮುಂದಿಟ್ಟರು. ಸೆರಗಿನ ಗಂಟಿನಿಂದ ಹಳೆಯದನ್ನು ತೆಗೆದು ಏರಿಸಿಕೊಂಡು, ಅವನು ಅಳೆಯುವುದನ್ನು ಚೆನ್ನಾಗಿ ನೋಡಲು ಕುರ್ಚಿ ಎಳೆದುಕೊಂಡು ಕೂತರು.

ಕಣ್ಣುಗಳ ಅಂತರ ನಾಲ್ಕು ಮಿಲಿಮೀಟರ್ ತಪ್ಪಿತ್ತು.

'ಅಭ್ಯಾಸ ಆಗ್ತಿತ್ತೇನೋ' ಎಂದರು ಅತ್ತೆ. 'ನಂದೇ ಅವಸರ.'

ಆ ದಿನ ಅವನು ಅತ್ತೆಗೆ ಹೊಸ ಗಾಜು ಕೊರೆದು, ಮೂರು ಸಲ ಅಳೆದು ಕೂರಿಸಿಕೊಟ್ಟ. ಅತ್ತೆ ಹಾಕಿಕೊಂಡು, ಅಂಗಡಿಯ ಮೂರು ಮೆಟ್ಟಿಲನ್ನು ಎರಡು ಸಲ ಹತ್ತಿಳಿದು, ತಲೆಯಾಡಿಸಿದರು. ಹೆಂಡತಿ ಇನ್ನೊಂದು ವರ್ಷ ಕೊಟ್ಟಳು. ಆದರೆ ತಿಂಗಳಿಗೆ ಎರಡು ಭಾನುವಾರ ಕಡಿತ, ಮತ್ತು ಗಿರಾಕಿ ಎದುರಿಗೆ ಕೂತಿರುವಾಗ ಮೊಬೈಲು ಡ್ರಾಯರಿನಲ್ಲಿ.

ಮಂಗಳವಾರದ ಹೊತ್ತಿಗೆ ತನ್ನ ಈಜುಕನ್ನಡಕವನ್ನೂ ಹೊಸದಾಗಿ ಮಾಡಿಕೊಂಡ. ಬಲ ಬಲಕ್ಕೆ, ಎಡ ಎಡಕ್ಕೆ. ಯಂತ್ರದಲ್ಲಿ ಐದು ಸಲ ಪರೀಕ್ಷೆಯಾಯಿತು. ಮರುದಿನ ಐದು ಗಂಟೆಗೆ ಕೊಳಕ್ಕೆ ಹೋದ. ಅಪರೂಪಕ್ಕೆ ಬೀಗದ ಕೈಯೂ ಇತ್ತು, ನೀರೂ ಇತ್ತು. ಇಬ್ಬರು ಹೆಂಗಸರು ಇನ್ನೂ ಬಂದಿರಲಿಲ್ಲ. ಇವತ್ತು ಒಂದು ಕೈ ನೋಡೇಬಿಡೋಣ ಎಂದು ಗೋಡೆ ಒದ್ದು ಹೊರಟ.

ಕಪ್ಪು ಗೆರೆ ಈ ಸಲ ಇನ್ನೊಂದು ಕಡೆಗೆ ವಾಲಿತ್ತು. ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಆರು ವಾರ ನೀರಿನೊಳಗೆ ತಪ್ಪು ಗಾಜಿಗೆ ಒಗ್ಗಿಹೋಗಿದ್ದ ಕಣ್ಣಿಗೆ ಸರಿಯಾದ ಗಾಜು ಒಗ್ಗಲಿಲ್ಲ.

ಗೋಡೆ ಹಿಡಿದು ನಿಂತು, ಈಜುಕನ್ನಡಕವನ್ನು ಹಣೆಗೇರಿಸಿ, ಹಲ್ಲು ಕಡಿದ. ಎಷ್ಟು ದಿನ ಬೇಕಾಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ.